ಊರು ಉಳಿಸಿಕೊಂಡ ಡಾಕ್ಟರು

ಕೆಂಡಲ್ ಪಾರ್ಕ್
ಜೂನ್ ೮, ೨೦೨೫, ಭಾನುವಾರ

ನನ್ನ ಮುದ್ದಿನ ಸಂಹಿತಾ,

ಬುಧವಾರದಿಂದ ನೀನು ನಿನ್ನ ಗೆಳತಿ ಹರ್ಷಿತಾಳ ಮನೆಯಲ್ಲಿದ್ದೀಯ. ಎಡಿಸನ್ ಇಲ್ಲಿಂದ ಅರ್ಧ ಗಂಟೆಯೂ ಆಗದ ದಾರಿ. ಆದರೂ ನಾನು ಕಾರು ಹತ್ತಿ ಬರಲಿಲ್ಲ. ಬಂದರೆ ನೀನು ಇಂಗ್ಲಿಷಿನಲ್ಲಿ ಕೂಗುತ್ತೀಯ, ನಾನು ಕನ್ನಡದಲ್ಲಿ ಅಳುತ್ತೇನೆ, ಹರ್ಷಿತಾಳ ತಾಯಿ ಕಾಫಿ ಲೋಟ ಹಿಡಿದು ನಮ್ಮಿಬ್ಬರ ನಡುವೆ ನಿಲ್ಲುತ್ತಾರೆ. ಅದು ಬೇಡ ಅನ್ನಿಸಿತು. ನಾಳೆ ನಿನ್ನ ಸೂಟ್‌ಕೇಸ್ ತಂದುಕೊಡುವಾಗ ಈ ಕವರನ್ನೂ ಕೊಡುತ್ತೇನೆ.

ಕನ್ನಡದಲ್ಲಿ ಬರೆದಿದ್ದಕ್ಕೆ ಸಿಟ್ಟಾಗಬೇಡ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ, ದಿನವಿಡೀ ಆಫೀಸಿನಲ್ಲಿ ಬರೆಯುವುದೂ ಇಂಗ್ಲಿಷ್. ಮೊದಲು ಹಾಗೆಯೇ ಶುರು ಮಾಡಿದೆ. ಎರಡು ಪ್ಯಾರಾ ಆಗುವಷ್ಟರಲ್ಲಿ ಅದು ಇನ್ಶೂರೆನ್ಸ್ ಕ್ಲೇಮಿನಂತೆ ಕಾಣತೊಡಗಿತು, ಹರಿದು ಹಾಕಿದೆ. ನೀನು ಕನ್ನಡವನ್ನು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುತ್ತೀಯ. ಇದನ್ನು ನಿಧಾನವಾಗಿ ಓದುವುದೇ ಒಳ್ಳೆಯದು. ಫೋನಿಗೆ ತೋರಿಸಿ ಟ್ರಾನ್ಸ್‌ಲೇಟ್ ಮಾಡಿಸಬೇಡ. ತಿಳಿಯದ ಪದ ಬಂದರೆ ಬಿಟ್ಟು ಮುಂದೆ ಹೋಗು, ಮುಂದಿನ ಸಾಲಿನಲ್ಲಿ ತಿಳಿಯುತ್ತದೆ.

ಗುರುವಾರ ನೀನು ನ್ಯೂಅರ್ಕ್ ಏರ್‌ಪೋರ್ಟಿನಿಂದ ಅಪ್ಪನ ಊರಿಗೆ ಹೊರಡುತ್ತೀಯ. ನಾನು ತಡೆಯುವುದಿಲ್ಲ. ಬುಧವಾರ ನೀನು ಹೇಳಿದೆ, 'ಅಟ್ ಲೀಸ್ಟ್ ಹೀ ಸ್ಟೇಡ್, ಅಮ್ಮ. ಯು ಜಸ್ಟ್ ರ‍್ಯಾನ್' ಅಂತ. ಒಂದು ಇಡೀ ಊರಿಗೆ ಡಾಕ್ಟರಾಗಿ ನಿಂತ ಮನುಷ್ಯನನ್ನು ಒಂಟಿಯಾಗಿ ಬಿಟ್ಟು ಬಂದವಳು ನಾನು ಅಂತ. ಆಮೇಲೆ ಇನ್ನೊಂದು ಮಾತು ಹೇಳಿದೆ: ಅಪ್ಪ ತಮ್ಮ ಕಣ್ಣು ಹೇಗೆ ಹೋಯಿತು ಅಂತ ಫೋನಿನಲ್ಲಿ ಹೇಳಲ್ಲವಂತೆ, ನೀನು ಅಲ್ಲಿಗೆ ಹೋದಾಗ ಎದುರು ಕೂರಿಸಿಕೊಂಡು ಹೇಳುತ್ತಾರಂತೆ. ನಾನು ಸ್ಟೌ ಆರಿಸಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ನೀನು ಅದನ್ನು ತಾತ್ಸಾರ ಅಂದುಕೊಂಡು ಬ್ಯಾಗು ಎತ್ತಿಕೊಂಡು ಹೋದೆ. ಅದು ಹೆದರಿಕೆ, ಪುಟ್ಟಿ. ಕಣ್ಣಿನ ಸಂಗತಿಯನ್ನು ಅವರ ಬಾಯಿಂದ ಕೇಳುವ ಮೊದಲು ನೀನು ನನ್ನಿಂದ ಕೇಳಬೇಕು. ಈ ಪತ್ರ ಬರೆಯಲು ಬೇರೆ ಕಾರಣವಿಲ್ಲ.

ನೀನು ಕಳಿಸಿದ ಪೇಪರಿನ ಲಿಂಕ್ ನೋಡಿದೆ. 'ಟೋಲ್ಬರ್ಗಿನ ಕೊನೆಯ ಡಾಕ್ಟರ್' ಅಂತ ಹೆಡ್‌ಲೈನ್. ಫೋಟೋದಲ್ಲಿ ಮೇನ್ ಸ್ಟ್ರೀಟಿನ ಸಿಮೆಂಟ್ ಬಿರುಕುಗಳಲ್ಲಿ ಮೊಣಕಾಲೆತ್ತರ ಹುಲ್ಲು, ಅದರ ನಡುವೆ ಬಿಳಿ ಕೋಟು ಹಾಕಿಕೊಂಡು ನಿಮ್ಮಪ್ಪ, ಡಾಕ್ಟರ್ ಶ್ರೀಹರ್ಷ. ಕೂದಲೆಲ್ಲ ಹಣ್ಣಾಗಿದೆ. ಗಾಜಿನ ಕಣ್ಣು ಅಂತ ಹೇಳದಿದ್ದರೆ ಗೊತ್ತಾಗುವುದಿಲ್ಲ. ಐಸ್ ಮೇಲೆ ಜಾರಿ ಬಿದ್ದು ಒಂದು ಕಣ್ಣು ಕಳೆದುಕೊಂಡರೂ ಊರು ಬಿಡಲಿಲ್ಲ ಅಂತ ಬರೆದಿದ್ದಾರೆ. ಈಗ ಊರಿನಲ್ಲಿ ಉಳಿದಿರುವುದು ಹತ್ತಿಪ್ಪತ್ತು ಜನ. ಎಲ್ಲರೂ ವೋಟು ಹಾಕಿ ಊರನ್ನೇ ಕಾನೂನು ಪ್ರಕಾರ ಮುಚ್ಚುತ್ತಿದ್ದಾರೆ. ಮುಚ್ಚುವ ದಿನ ಅವರಿಗೆ ಸನ್ಮಾನ. ಮಗಳು ಪಕ್ಕದಲ್ಲಿ ಇರಬೇಕು ಅನ್ನುವುದು ಅವರ ಆಸೆ. ಈ ಆಸೆ ನಿಜ ಇರಬಹುದು. ನಾನು ಅದನ್ನು ಅನುಮಾನಿಸುತ್ತಿಲ್ಲ.

ನಾವು ಅಲ್ಲಿಗೆ ಹೋದಾಗ ಊರು ಇನ್ನೂ ಜೀವ ಹಿಡಿದುಕೊಂಡಿತ್ತು. ಬ್ರೂಕ್ಲಿನ್ನಿನ ಆಸ್ಪತ್ರೆಯಲ್ಲಿ ಅಪ್ಪನ ರೆಸಿಡೆನ್ಸಿ ತರಬೇತಿ ಮುಗಿದಿತ್ತು. ಹೊರದೇಶದ ಡಾಕ್ಟರುಗಳು ಈ ದೇಶದಲ್ಲಿ ಉಳಿಯಬೇಕಾದರೆ ಬೇರೆ ಡಾಕ್ಟರು ಹೋಗದಂಥ ಊರಿನಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ವೇವರ್ ಅಂತಾರೆ. ಅಪ್ಪನಿಗೆ ಸಿಕ್ಕಿದ್ದು ನಾರ್ತ್ ಡಕೋಟಾದ ಟೋಲ್ಬರ್ಗ್. ಮ್ಯಾಪಿನಲ್ಲಿ ನೋಡಿದಾಗ ನಾನು ನಕ್ಕೆ. ಸುತ್ತ ಏನೂ ಇರಲಿಲ್ಲ. ಹೋದ ಮೇಲೆ ನೋಡಿದರೆ ನಿಜಕ್ಕೂ ಏನೂ ಇರಲಿಲ್ಲ: ಹುಲ್ಲು, ಗೋಧಿ, ಆಕಾಶ, ನಡುವೆ ಗೋಧಿ ತುಂಬಿಡುವ ಬಿಳಿ ಗೋಪುರ. ಗೋಪುರದ ಕೆಳಗೆ ಮೇನ್ ಸ್ಟ್ರೀಟ್, ಒಂದು ಕೆಫೆ, ಒಂದು ಚರ್ಚು, ಮುಚ್ಚಿದ ಸ್ಕೂಲು, ನರ್ಸಿಂಗ್ ಹೋಮು, ಕ್ಲಿನಿಕ್ಕು. ನಾವು ಬಂದ ದಿನ ಮೇಯರ್ ಲೈಲ್ ಬಾಗಿಲಲ್ಲೇ ನಿಂತು ಅಪ್ಪನ ಕೈ ಕುಲುಕಿ ಬಿಡಲೇ ಇಲ್ಲ. ಹಿಂದಿನ ಡಾಕ್ಟರು ಸತ್ತು ಎರಡು ವರ್ಷ ಆಗಿತ್ತಂತೆ. ಡಾಕ್ಟರಿಲ್ಲದಿದ್ದರೆ ನರ್ಸಿಂಗ್ ಹೋಮಿನ ಲೈಸೆನ್ಸ್ ಹೋಗುತ್ತದೆ, ನರ್ಸಿಂಗ್ ಹೋಮು ಹೋದರೆ ಅಲ್ಲಿ ಕೆಲಸ ಮಾಡುವ ಹೆಂಗಸರು ಹೋಗುತ್ತಾರೆ, ಅವರು ಹೋದರೆ ಕೆಫೆ. 'ನೀವು ನಮ್ಮ ಬೋಲ್ಟು, ಡಾಕ್. ನಿಮ್ಮನ್ನು ಕಿತ್ತರೆ ಗಾಡಿಯೇ ಕಳಚಿ ಬೀಳುತ್ತೆ' ಅಂತ ಲೈಲ್ ನಕ್ಕ.

ಊರು ಸಾಯುವುದು ಅಂದರೆ ಮುದುಕರು ನಿದ್ದೆಯಲ್ಲಿ ಹೋಗುವ ಹಾಗೆ ಸದ್ದಿಲ್ಲದೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅಲ್ಲಿ ಖಾಲಿ ಮನೆಗಳನ್ನು ಸುಡುತ್ತಿದ್ದರು. ಬೆಂಕಿ ಆರಿಸುವವರ ಪ್ರಾಕ್ಟೀಸಿಗೆ ಅಂತ ಹೆಸರು. ಭಾನುವಾರ ಚರ್ಚು ಮುಗಿಸಿ ಎಲ್ಲರೂ ಮಡಿಚುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ ತಂದು ಸಾಲಾಗಿ ಕೂರುತ್ತಿದ್ದರು. ತಮ್ಮ ಅಜ್ಜಿ ಹುಟ್ಟಿದ ಮನೆ ಧಗಧಗ ಉರಿಯುವುದನ್ನು ನೋಡುತ್ತಾ ಮಿಠಾಯಿ ಹಂಚಿಕೊಳ್ಳುತ್ತಿದ್ದರು. ಊರು ಬಿಟ್ಟವರು ನಾಯಿಗಳನ್ನು ಬಿಟ್ಟು ಹೋಗುತ್ತಿದ್ದರು. ಅವು ಗುಂಪು ಕಟ್ಟಿ ಕರುಗಳನ್ನು ಹರಿದಾಗ ಲೈಲ್ ಗೋಪುರದ ಹಿಂದೆ ಒಂದೊಂದಾಗಿ ಗುಂಡು ಹೊಡೆದ. ಅದರಲ್ಲಿ ನೀನು ಚಪಾತಿ ಹಾಕುತ್ತಿದ್ದ ಕಂದು ನಾಯಿಯೂ ಇತ್ತು. ಸದ್ದು ಕೇಳಿ ನೀನು ಕಿಟಕಿಗೆ ಓಡಿ 'ಪಟಾಕಿ, ಪಟಾಕಿ' ಅಂದೆ. ನಾನು ಹೌದು ಅಂದೆ. ಎರಡನೇ ವರ್ಷ ಸ್ಕೂಲಿನ ಕಟ್ಟಡವನ್ನು ಯಂತ್ರ ತಂದು ಕೆಡವಿದರು. ಕಪ್ಪು ಹಲಗೆ ಇನ್ನೂ ಗೋಡೆಯ ಮೇಲೆ ಇರುವಾಗಲೇ ಗೋಡೆ ಕುಸಿಯಿತು. ಅಪ್ಪ ಇದನ್ನೆಲ್ಲ ಮುಂದಿನ ಸಾಲಿನಲ್ಲಿ ನಿಂತು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಿದ್ದರು. ಅಂಥ ದಿನಗಳಲ್ಲಿ ಅವರು ಶಾಂತವಾಗಿರುತ್ತಿದ್ದರು. ನನಗೆ ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಉಳಿದ ದಿನಗಳ ಬಗ್ಗೆ ಬರೆಯಬೇಕು. ಬರೆಯುತ್ತೇನೆ.

ಬ್ರೂಕ್ಲಿನ್ನಿನಲ್ಲಿ ಅವರು ಪಾತ್ರೆ ಎಸೆಯುತ್ತಿದ್ದರು. ಗೋಡೆಯ ಆಚೆ ಜನ ಇದ್ದರು, ಹಾಗಾಗಿ ಅಷ್ಟಕ್ಕೇ ನಿಲ್ಲುತ್ತಿತ್ತು. ಟೋಲ್ಬರ್ಗಿನಲ್ಲಿ ಗೋಡೆಯ ಆಚೆ ಗಾಳಿ. ಮೊದಲ ಸಲ ಹೊಡೆದದ್ದು ಕಾರಿನಲ್ಲಿ, ಕ್ಲಿನಿಕ್ಕಿನ ನರ್ಸ್ ಕಾರ್ಲಾಳ ಹತ್ತಿರ ನಾನು ಹೆಚ್ಚು ನಗುತ್ತೇನೆ ಅನ್ನುವ ಕಾರಣಕ್ಕೆ. ಹಿಂಗೈಯಿಂದ ಹೊಡೆದರು, ಉಂಗುರ ತುಟಿಗೆ ತಗುಲಿ ಸೀಳಿತು. ಆಮೇಲೆ ತಾವೇ ಹೊಲಿಗೆ ಹಾಕಿದರು. ಬಹಳ ಚೆನ್ನಾಗಿ ಹಾಕಿದರು, ಗುರುತೇ ಉಳಿಯಲಿಲ್ಲ. ಅವರು ಒಳ್ಳೆಯ ಡಾಕ್ಟರು, ಸಂಹಿತಾ. ಪೇಪರಿನವರು ಸುಳ್ಳು ಬರೆದಿಲ್ಲ. ಹಿಮ ಬೀಳುವಾಗ ಟ್ರಾಕ್ಟರ್ ಹತ್ತಿಕೊಂಡು ಹೆರಿಗೆಗೆ ಹೋದದ್ದು ನಿಜ. ಮನೆಗೆ ಬಂದು, ಬಸುರಿ ಉಳಿದಳು ಅಂತ ಹೇಳುತ್ತಾ ಊಟಕ್ಕೆ ಕೂತು, ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ನನ್ನ ತಲೆಯನ್ನು ಸಿಂಕಿಗೆ ಒತ್ತಿ ಹಿಡಿದದ್ದೂ ನಿಜ. ಒಮ್ಮೆ ನನ್ನನ್ನು ಕೋಟಿಲ್ಲದೆ ಹೊರಗೆ ನೂಕಿ ಬಾಗಿಲು ಹಾಕಿಕೊಂಡರು. ಆ ಚಳಿಯಲ್ಲಿ ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುತ್ತದೆ ಅಂತ ಅಲ್ಲಿನವರು ತಮಾಷೆ ಮಾಡುತ್ತಿದ್ದರು. ಬಾಗಿಲು ತೆರೆದಾಗ ನನ್ನ ಕೈ ಅದರ ಕಬ್ಬಿಣದ ಹಿಡಿಗೆ ಅಂಟಿಕೊಂಡಿತ್ತು, ಬಿಡಿಸಿಕೊಂಡಾಗ ಚರ್ಮ ಅಲ್ಲೇ ಉಳಿಯಿತು. ಮಾರನೇ ದಿನ ಅಪ್ಪ ಕೆಲಸಕ್ಕೆ ಹೋಗುವ ಮೊದಲು ನನ್ನ ಬೆರಳಿಗೆಲ್ಲ ಮುಲಾಮು ಹಚ್ಚಿ, ಬ್ಯಾಂಡೇಜು ಸುತ್ತಿ, 'ನೀರು ತಾಗಿಸ್ಬೇಡ' ಅಂದರು.

ಮೈಸೂರಿಗೆ ಫೋನ್ ಮಾಡಿ ನಿನ್ನ ರಮಾಮಣಿ ಅಜ್ಜಿಗೆ ಹೇಳಿದೆ. ಅಜ್ಜಿ 'ಮೂರು ವರ್ಷ ತಾನೇ ಕಣೇ, ಆ ವೇವರ್ರೋ ಗೀವರ್ರೋ ಮುಗಿಯೋ ತನಕ ಹಲ್ಲು ಕಚ್ಕೊಂಡಿರು. ಎಲ್ಲರ ಮನೆ ದೋಸೇನೂ ತೂತೇ' ಅಂದರು. 'ನಮ್ಮನೇಲಿ ಕಾವಲೀನೇ ತೂತಮ್ಮಾ' ಅಂದೆ. ಇಬ್ಬರೂ ನಕ್ಕೆವು. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ, ಅಜ್ಜಿಯ ಮೇಲೋ ನನ್ನ ಮೇಲೋ ಹೇಳಲಾರೆ. ನನ್ನದು ಅವರ ಮೇಲೆ ಅವಲಂಬಿತ ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಅವರು ಮಧ್ಯದಲ್ಲಿ ಬಿಟ್ಟರೆ ಮೂವರೂ ಗಂಟುಮೂಟೆ ಕಟ್ಟಬೇಕು. ಇದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಊರಿಗೆ ಎಲ್ಲವೂ ಗೊತ್ತಿತ್ತು. ಅದನ್ನು ನಾನು ತಿಳಿದದ್ದು ಪಾತ್ರೆಗಳಿಂದ. ಅಲ್ಲಿ ಯಾರ ಮನೆಯಲ್ಲಾದರೂ ಸಾವು, ಕಾಯಿಲೆ ಆದರೆ ಹಾಟ್‌ಡಿಶ್ ಕೊಡುತ್ತಾರೆ. ಆಲೂಗಡ್ಡೆ, ಮಾಂಸ, ಡಬ್ಬಿಯ ಸೂಪು ಸೇರಿಸಿ ಓವನ್ನಿನಲ್ಲಿ ಬೇಯಿಸಿ, ಗಾಜಿನ ಪಾತ್ರೆಯ ತಳಕ್ಕೆ ತಮ್ಮ ಹೆಸರಿನ ಚೀಟಿ ಅಂಟಿಸಿ, ಮೆಟ್ಟಿಲ ಮೇಲಿಟ್ಟು ಹೋಗುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಆದರೆ ನನ್ನ ತುಟಿ ಒಡೆದ ಮಾರನೇ ದಿನ ಒಂದು ಪಾತ್ರೆ. ಚಳಿಗೆ ಕೈಯ ಚರ್ಮ ಕಿತ್ತುಬಂದಾಗ ಎರಡು. ಬಾಗಿಲು ತಟ್ಟುತ್ತಿರಲಿಲ್ಲ, ಮಾತಿಲ್ಲ. ತೆಗೆದು ನೋಡಿದರೆ ತಳದಲ್ಲಿ ಕಾರ್ಲಾ ಅಂತಲೋ, ಲೈಲ್‌ನ ಹೆಂಡತಿಯ ಹೆಸರೋ, ಪಾದ್ರಿಯ ಮನೆಯ ಹೆಸರೋ. ನಾನು ಮಾಂಸ ತಿನ್ನುವವಳಲ್ಲ. ಅಪ್ಪ ತಿನ್ನುತ್ತಿದ್ದರು, ಚೆನ್ನಾಗಿದೆ ಅನ್ನುತ್ತಿದ್ದರು.

ಈಗ ನಾನು ಮಾಡಿದ್ದನ್ನು ಕೇಳು. ಯಾರದೇ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಅಜ್ಜಿ ನನಗೆ ಕಲಿಸಿದ್ದು ಹಾಗೆ. ನಾನು ನಿನಗೆ ಕಲಿಸಿದ್ದೂ ಹಾಗೆ. ಪ್ರತಿ ಪಾತ್ರೆಯನ್ನೂ ತೊಳೆದು, ಒಂದಕ್ಕೆ ಚಿತ್ರಾನ್ನ, ಇನ್ನೊಂದಕ್ಕೆ ಕೇಸರಿಬಾತು ತುಂಬಿ, ನಿನ್ನ ಕೈ ಹಿಡಿದುಕೊಂಡು ಮನೆಮನೆಗೆ ಹೋಗಿ ಕೊಟ್ಟು ಬಂದೆ. ಬಾತುಕೊಂಡ ಮುಖದಲ್ಲಿ ನಗುತ್ತಾ ಕೊಟ್ಟೆ. ಕೊಡುವವರ ಎದುರು ಸಪ್ಪೆ ಮುಖ ಮಾಡಬಾರದಲ್ಲ. ಎರಡೂವರೆ ವರ್ಷ ಆ ಊರಿನ ಗಾಜಿನ ಪಾತ್ರೆಗಳು ನಮ್ಮ ಮನೆಗೆ ಬಂದವು, ಹೋದವು.

ಕೊನೆಗೆ ಒಂದು ದಿನ ಕಾರ್ಲಾಳನ್ನು ಕೇಳಿದೆ, ನಿಮಗೆಲ್ಲ ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಅಂತ. ಅವಳು ನಿಜವಾಗಿಯೂ ಆಶ್ಚರ್ಯಪಟ್ಟಳು. 'ನಾವು ಕೇಳಿದ್ವಲ್ಲ, ಅರ್ಪಿತಾ. ಪ್ರತಿ ಸಲವೂ ಪಾತ್ರೆ ಇಟ್ಟು ಕೇಳಿದ್ವಿ. ನೀನು ಅನ್ನ ತುಂಬಿ ಕಳಿಸಿದೆ, ಸ್ವೀಟ್ ಕಳಿಸಿದೆ. ನಾನು ನಿಭಾಯಿಸ್ತೀನಿ, ನೀವು ತಲೆ ಹಾಕ್ಬೇಡಿ ಅಂತ ನೀನು ಹೇಳಿದ ಹಾಗೆ ಅದು' ಅಂದಳು. ಪಾತ್ರೆ ಖಾಲಿ ಬಂದಿದ್ದರೆ, ಅಥವಾ ಬರದೇ ಇದ್ದಿದ್ದರೆ, ಅವರು ಬಾಗಿಲು ತಟ್ಟುತ್ತಿದ್ದರಂತೆ. ಅಲ್ಲಿನ ಪದ್ಧತಿ ಅದು. ತಟ್ಟುತ್ತಿದ್ದರೇ? ನನಗೆ ಗೊತ್ತಿಲ್ಲ. ಡಾಕ್ಟರು ಹೋದರೆ ಊರು ಹೋಗುತ್ತದೆ ಅನ್ನುವ ಲೆಕ್ಕವೂ ಅವರ ತಲೆಯಲ್ಲಿತ್ತು. ನನ್ನ ಚಿತ್ರಾನ್ನ ಆ ಲೆಕ್ಕಕ್ಕೆ ಅನುಕೂಲವಾಗಿ ಒದಗಿತು. ಹತ್ತಾರು ಸಲ ಯೋಚಿಸಿದ್ದೇನೆ, ಅವರನ್ನು ದ್ವೇಷಿಸಬೇಕೋ ಬೇಡವೋ ಅಂತ. ಇನ್ನೂ ತೀರ್ಮಾನವಾಗಿಲ್ಲ.

ಕಾರ್ಲಾಳನ್ನು ಕೇಳಿದ್ದು ೨೦೧೨ರ ಜನವರಿಯಲ್ಲಿ. ಮೂರು ವರ್ಷ ಮುಗಿಯುತ್ತಾ ಬಂದಿತ್ತು. ಅಪ್ಪ ಅಲ್ಲೇ ಇರುವುದಾಗಿ ಲೈಲ್‌ಗೆ ಮಾತು ಕೊಟ್ಟಿದ್ದು ನನಗೆ ಕೆಫೆಯಲ್ಲಿ ಗೊತ್ತಾಯಿತು. ಎಲ್ಲರೂ ನನಗೆ ಕಂಗ್ರಾಚುಲೇಷನ್ಸ್ ಹೇಳುತ್ತಿದ್ದರು. ನಾನು ಆವತ್ತೇ ನಿನ್ನನ್ನು ಕರೆದುಕೊಂಡು ಹೊರಡಬೇಕೆಂದು ಕಾರು ಹತ್ತಿದೆ. ಸ್ಟಾರ್ಟ್ ಆಗಲಿಲ್ಲ. ಅಲ್ಲಿ ಕಾರಿಗೂ ಪ್ಲಗ್ ಇರುತ್ತದೆ. ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವೈರು ಬಾನೆಟ್ಟಿನ ಮುಂದೆ ನೇತಾಡುತ್ತದೆ. ಅದನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿಡದಿದ್ದರೆ ಬೆಳಗ್ಗೆ ಎಂಜಿನ್ ಕಲ್ಲು. ಅಪ್ಪ ತಮ್ಮ ಗಾಡಿಯದನ್ನು ಸಿಕ್ಕಿಸಿ ನನ್ನದನ್ನು ಕಿತ್ತಿಡುತ್ತಿದ್ದರು. ಎರಡು ಚಳಿಗಾಲ ನಾನು ಕಾರು ಕೆಟ್ಟಿದೆ ಅಂತಲೇ ನಂಬಿದ್ದೆ. ಹಿಮದ ಮೇಲೆ ಬಿದ್ದಿರುವ ಕಿತ್ತಳೆ ಬಣ್ಣದ ವೈರನ್ನು ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ನೋಡುತ್ತಿದ್ದರು. ಅದರ ಅರ್ಥ ಏನು ಅಂತ ಅಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಸ್ಟೇರಿಂಗ್ ಮೇಲಿನಿಂದ ಎರಡು ಬೆರಳೆತ್ತಿ ನನಗೆ ಹಲೋ ಹೇಳಿ ಮುಂದೆ ಹೋಗುತ್ತಿದ್ದರು.

ನಾನು ಕಾರ್ಲಾಳ ಮನೆಗೆ ನಡೆದು ಹೋಗಿ, ಆ ಪ್ರಶ್ನೆ ಕೇಳಿ, ಭಾನುವಾರ ನಮ್ಮಿಬ್ಬರನ್ನೂ ಏರ್‌ಪೋರ್ಟ್ ಇರುವ ಬಿಸ್ಮಾರ್ಕಿನವರೆಗೆ ಬಿಟ್ಟು ಬಾ ಅಂದೆ. ಅವಳು ಒಪ್ಪಿದಳು. ಆದರೆ ಶನಿವಾರ ಯಾರಿಗೋ ಹೇಳಿದಳು, ಆ ಯಾರೋ ಲೈಲ್‌ಗೆ, ಲೈಲ್ ಅಪ್ಪನಿಗೆ. ಕೆಟ್ಟ ಉದ್ದೇಶದಿಂದ ಅಲ್ಲವಂತೆ. ಗಂಡ ಹೆಂಡತಿ ಕೂತು ಮಾತಾಡಿಕೊಂಡರೆ ಸರಿಹೋಗುತ್ತೆ ಅಂತ.

ಭಾನುವಾರ ಮಧ್ಯಾಹ್ನ ನಿನ್ನ ಬೂಟು, ಕೋಟು ತೆಗೆದಿಡುತ್ತಿದ್ದೆ. ಗಾಳಿ ನೆಲದ ಹಿಮವನ್ನೇ ಎತ್ತಿ ಬೀಸುತ್ತಿತ್ತು, ಎದುರಿನ ಮನೆ ಕಾಣುತ್ತಿರಲಿಲ್ಲ. ಅಪ್ಪ ಹಿತ್ತಲ ಬಾಗಿಲಿನಿಂದ ಬಂದರು. ಟೋಪಿ ತೆಗೆದು ಮೊಳೆಗೆ ಹಾಕಿದರು. ಬಹಳ ಮೆಲ್ಲಗೆ, 'ಎಲ್ಲಿಗೆ ಹೊರಟಿದ್ದೀರಿ ಮೇಡಂ?' ಅಂದರು. ಸಿಟ್ಟು ನೆತ್ತಿಗೇರಿದಾಗ ಅವರು ನನಗೆ ಬಹುವಚನ ಹಾಕುತ್ತಿದ್ದರು. ನಾನು 'ನ್ಯೂಜೆರ್ಸಿಗೆ, ರಾಘವೇಂದ್ರ ಅಣ್ಣನ ಮನೆಗೆ. ನೀವು ಇಲ್ಲೇ ಇರಿ, ಊರಿಗೆ ಮಾತು ಕೊಟ್ಟಿದ್ದೀರಲ್ಲ' ಅಂದೆ. ಆ ಕೊನೆಯ ಮಾತು ಬೇಕಿರಲಿಲ್ಲ. ಆದರೆ ಹೇಳುವಾಗ ಸುಖವಾಯಿತು.

ಮೊದಲ ಏಟಿಗೆ ನಾನು ಅಡುಗೆಮನೆಯ ನೆಲಕ್ಕೆ ಬಿದ್ದೆ. ಟೇಬಲ್ಲಿನ ಅಂಚು ಬಡಿದು ಒಂದು ಹಲ್ಲು ಬಾಯಲ್ಲೇ ಸಡಿಲವಾಯಿತು. ಅವರು ಬೂಟುಗಾಲಿನಲ್ಲಿ ಪಕ್ಕೆಗೆ ಒದ್ದರು, ಎರಡು ಸಲವೋ ಮೂರು ಸಲವೋ. ಮೂಳೆ ಮುರಿದ ಸದ್ದು ನನಗೆ ಒಳಗಿನಿಂದ ಕೇಳಿಸಿತು. ಆಮೇಲೆ ನನ್ನ ಎದೆಯ ಮೇಲೆ ಕೂತು ಎರಡೂ ಕೈಯಿಂದ ಕತ್ತು ಹಿಡಿದರು. ಹೆಬ್ಬೆರಳು ಎಲ್ಲಿಡಬೇಕು ಅಂತ ಗೊತ್ತಿದ್ದವರು. ಬೇರೆ ದಿನ ಹೊಡೆಯುವಾಗ ಕೂಗಾಡುತ್ತಿದ್ದವರು ಆವತ್ತು ಏನೂ ಮಾತಾಡಲಿಲ್ಲ, ಅದೇ ನನಗೆ ಹೆಚ್ಚು ಭಯವಾದದ್ದು. ನಾನು ಎರಡೂ ಕೈಯಿಂದ ಅವರ ಬೆರಳುಗಳನ್ನು ಕೀಳಲು ನೋಡಿದೆ. ಆಗಲಿಲ್ಲ. ಟ್ಯೂಬ್‌ಲೈಟಿನ ಸುತ್ತ ಕಪ್ಪು ಬಂತು. ಸಾಯುತ್ತಿದ್ದೇನೆ ಅಂತ ಸ್ಪಷ್ಟವಾಗಿ ಗೊತ್ತಾಯಿತು.

ಕಾರಿನ ಗಾಜಿನ ಮೇಲಿನ ಐಸ್ ಕೆರೆಯುವ ಉದ್ದ ಹಿಡಿಯ ಸ್ಕ್ರೇಪರ್ ಬಾಗಿಲ ಹತ್ತಿರ, ನಿನ್ನ ಕೋಟಿನ ಗೂಟದ ಕೆಳಗೆ ಇರುತ್ತಿತ್ತು. ನಾನು ಅದನ್ನು ತೆಗೆದುಕೊಂಡು ಅವರ ಮುಖಕ್ಕೆ ಚುಚ್ಚಿದೆ. ಅದು ಎಡಗಣ್ಣಿಗೆ ಹೋಯಿತು. ಅವರು ಪ್ರಾಣಿಯ ಹಾಗೆ ಕೂಗಿ ಪಕ್ಕಕ್ಕೆ ಉರುಳಿದರು. ನನ್ನ ಮುಖದ ಮೇಲೆ ಬಿಸಿ ರಕ್ತ ಬಿತ್ತು, ಅದು ನನ್ನದೋ ಅವರದೋ ಗೊತ್ತಾಗಲಿಲ್ಲ. ಉಸಿರು ಬಂದಾಗ ಗಂಟಲಲ್ಲಿ ಗರಗಸ ಎಳೆದ ಹಾಗೆ ಸದ್ದು. ಇಷ್ಟೇ. ಐಸ್ ಮೇಲೆ ಯಾರೂ ಜಾರಲಿಲ್ಲ.

ನಮ್ಮನ್ನು ಕರೆದೊಯ್ಯಲು ಕಾರ್ಲಾ ಬಂದಳು, ಸ್ವಲ್ಪ ತಡವಾಗಿ. ಬಾಗಿಲಲ್ಲಿ ನಿಂತು ಒಮ್ಮೆ ಎಲ್ಲವನ್ನೂ ನೋಡಿದಳು. ಮೊದಲು ಅಪ್ಪನ ಕಣ್ಣಿಗೆ ಬಟ್ಟೆ ಕಟ್ಟಿದಳು, ಆಮೇಲೆ ಲೈಲ್‌ಗೆ ಫೋನ್ ಮಾಡಿದಳು. ಪೊಲೀಸಿಗಲ್ಲ, ಲೈಲ್‌ಗೆ. ಗಾಳಿ ಇಳಿದ ಮೇಲೆ ಅಪ್ಪನನ್ನು ಬಿಸ್ಮಾರ್ಕಿನ ಆಸ್ಪತ್ರೆಗೆ ಕಳಿಸಿದರು. ಲೈಲ್ ನಮ್ಮ ಅಡುಗೆಮನೆಯ ಟೇಬಲ್ಲಿನ ಮುಂದೆ ಕೂತ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು. ಕೆಳಗೆ ನೆಲ ಇನ್ನೂ ಒದ್ದೆ. 'ಡಾಕ್ ಐಸ್ ಮೇಲೆ ಜಾರಿ ಬಿದ್ರು. ಎಲ್ಲರೂ ಬೀಳ್ತಾರೆ' ಅಂದ. ನನ್ನ ಕತ್ತಿನ ಕಡೆ ನೋಡದೆ ಹೇಳಿದ. ನರ್ಸಿಂಗ್ ಹೋಮಿನಲ್ಲಿ ತನ್ನ ತಾಯಿಯೂ ಇದ್ದಾಳೆ ಅಂದ. 'ನೀವು ಹೋಗ್ಬೇಕಾದ್ರೆ ಹೋಗಿ, ಯಾರೂ ತಡೆಯಲ್ಲ. ಕಂಪ್ಲೇಂಟು ಗಿಂಪ್ಲೇಂಟು ಬೇಡ. ಅವರ ಲೈಸೆನ್ಸ್ ಹೋದ್ರೆ ನಾವೆಲ್ಲ ಹೋದ್ವಿ.' ಕಾರ್ಲಾ ನೆಲ ಒರೆಸುತ್ತಿದ್ದಳು, ತಲೆ ಎತ್ತಲಿಲ್ಲ. 'ನೀನೂ ಏನಾದ್ರೂ ಹೇಳೇ' ಅಂತ ನಾನು ಕನ್ನಡದಲ್ಲೇ ಅಂದೆ, ಅವಳಿಗೆ ಅರ್ಥವಾದ ಹಾಗೆ ಒರೆಸುವುದು ನಿಲ್ಲಿಸಿದಳು. ಆಮೇಲೆ ಬಟ್ಟೆ ಹಿಂಡಿ ಮತ್ತೆ ಒರೆಸತೊಡಗಿದಳು.

ನಾನು ಒಪ್ಪಿದೆ. ಯಾಕೆ ಒಪ್ಪಿದೆ ಅಂತ ನೀನು ಕೇಳುತ್ತೀಯ. ಪಕ್ಕೆ ಮುರಿದಿತ್ತು, ಅವರ ಹತ್ತಿರ ವಕೀಲರಿದ್ದರು, ನನಗೆ ನನ್ನದೇ ಅನ್ನುವ ವೀಸಾ ಕೂಡ ಇರಲಿಲ್ಲ, ಸುಸ್ತಾಗಿತ್ತು. ಹಾಗಂದುಕೋ. ಮಾರನೇ ದಿನ ಬೆಳಗ್ಗೆ ನೋಡಿದರೆ ಯಾರೋ ನನ್ನ ಕಾರಿನ ವೈರನ್ನು ಸಾಕೆಟ್ಟಿಗೆ ಸಿಕ್ಕಿಸಿ, ಟ್ಯಾಂಕ್ ತುಂಬಿಸಿ, ಗಾಜಿನ ಐಸೆಲ್ಲ ಕೆರೆದಿಟ್ಟಿದ್ದರು. ಮೇನ್ ಸ್ಟ್ರೀಟಿನಲ್ಲಿ ಎದುರು ಬಂದ ಪಿಕಪ್ಪಿನವನು ಎರಡು ಬೆರಳೆತ್ತಿದ. ನಾನೂ ಎತ್ತಿದೆ.

ನಾವು ಹೊರಟ ಮೇಲೂ ಊರು ಉಳಿಯಿತು, ಹದಿಮೂರು ವರ್ಷ. ಗಾಯ ಒಣಗಿದ ಮೇಲೆ ಅಪ್ಪ ವಾಪಸು ಬಂದು ಕ್ಲಿನಿಕ್ಕಿನಲ್ಲಿ ಕೂತರು. ಲೈಲ್‌ನ ತಾಯಿ ತಮ್ಮ ಹಾಸಿಗೆಯಲ್ಲೇ, ತಮ್ಮ ಊರಲ್ಲೇ ಸತ್ತರಂತೆ, ಇನ್ನೂ ಎಷ್ಟೋ ಜನ ಹಾಗೆ. ಆಮೇಲೆ ಕೆಫೆ ಮುಚ್ಚಿತು, ಪೋಸ್ಟಾಫೀಸು ಹೋಯಿತು, ಗೋಪುರವನ್ನು ಡೈನಮೈಟ್ ಇಟ್ಟು ಕೆಡವಿದರು, ಈ ವರ್ಷ ನರ್ಸಿಂಗ್ ಹೋಮು. ಕಾರ್ಲಾ ಆಗಾಗ ಫೋನ್ ಮಾಡುತ್ತಾಳೆ. 'ನಮ್ಮೂರಲ್ಲಿ ಈಗ ಜನಕ್ಕಿಂತ ಜಿಂಕೆ ಜಾಸ್ತಿ, ಜಿಂಕೆಗಳಿಗೇ ವೋಟು ಕೊಟ್ಟಿದ್ರೆ ಊರು ಉಳೀತಿತ್ತು' ಅಂತ ಹೋದ ತಿಂಗಳು ನಕ್ಕಳು. ನಾನು ಫೋನು ಎತ್ತುವುದನ್ನು ನಿಲ್ಲಿಸಿಲ್ಲ. ನಾನು ಸುಮ್ಮನಿದ್ದುದರಿಂದ ಎಷ್ಟೋ ಮುದುಕರು ಪರಸ್ಥಳದಲ್ಲಿ ಸಾಯುವುದು ತಪ್ಪಿತು ಅನ್ನುವುದನ್ನು ಪುಣ್ಯದ ಹಾಗೆ ಇಟ್ಟುಕೊಳ್ಳಲು ಕೆಲವೊಮ್ಮೆ ನೋಡುತ್ತೇನೆ. ಅದು ನನಗೆ ಒಗ್ಗುವುದಿಲ್ಲ. ನಾನು ಮನಸಾರೆ ಕೊಟ್ಟದ್ದಲ್ಲವಲ್ಲ.

ಅಪ್ಪ ಬದಲಾಗಿರಬಹುದು. ಆಮೇಲೆ ಯಾರ ಮೇಲೂ ಕೈ ಎತ್ತಿಲ್ಲ ಅಂತ ಕಾರ್ಲಾ ಹೇಳುತ್ತಾಳೆ. ಎತ್ತಲು ಮನೆಯಲ್ಲಿ ಯಾರಿದ್ದರು? ನೀನು ಹೋಗು, ನೋಡು, ಸನ್ಮಾನದಲ್ಲಿ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿದರೆ ನಿಲ್ಲು. ಆ ತೀರ್ಮಾನ ನಿನ್ನದು. ಎರಡೇ ಕೋರಿಕೆ. ಅವರ ಮನೆಯಲ್ಲಿ ಉಳಿಯಬೇಡ. ಬಿಸ್ಮಾರ್ಕಿಗೆ ಕಾರ್ಲಾ ಕಾರು ತರುತ್ತಾಳೆ, ಅವಳ ಮನೆಯಲ್ಲಿ ಮಲಗು. ಮತ್ತೆ, ಅವರು ಕಣ್ಣಿನ ವಿಷಯ ಎತ್ತಿದಾಗ, 'ಅಮ್ಮ ಹೇಳಿದ್ದಾರೆ' ಅನ್ನು. ಬೇರೆ ಏನೂ ಅನ್ನಬೇಕಿಲ್ಲ.

ಬಿಸಿಲಿದ್ದರೂ ಅಲ್ಲಿ ಜೂನಿನಲ್ಲಿ ಗಾಳಿ ಚಳಿ. ನಿನ್ನ ನೀಲಿ ಸ್ವೆಟರ್ ಸೂಟ್‌ಕೇಸಿನ ಮೇಲುಭಾಗದಲ್ಲೇ ಇಟ್ಟಿದ್ದೇನೆ.

ನಿನ್ನ ಜಗಳಗಂಟಿ, ನಿನ್ನ ದಾರಿ ಕಾಯುವ
ಅಮ್ಮ
(ಅರ್ಪಿತಾ)

ಮರೆತ ಮಾತು: ಮರೆತದ್ದಲ್ಲ. ಕವರು ಅಂಟಿಸಿ, ಟೇಬಲ್ ಮೇಲಿಟ್ಟು, ತೋಟಕ್ಕೆ ನೀರು ಹಾಕಿ ಬಂದು, ಮತ್ತೆ ಹರಿದೆ. ಮೇಲಿನದರಲ್ಲಿ ಒಂದು ಸುಳ್ಳಿದೆ. ಅವರು ನಿಜ ಹೇಳಿದರೆ ನೀನು ನನ್ನನ್ನು ಇನ್ನು ಯಾವತ್ತೂ ನಂಬುವುದಿಲ್ಲ. ಅವರು ಖಂಡಿತ ಹೇಳುತ್ತಾರೆ, ಹೇಳುವ ಸಲುವಾಗಿಯೇ ಕರೆಯುತ್ತಿದ್ದಾರೆ. ನನ್ನ ಎರಡೂ ಕೈ ಕೊನೆಯವರೆಗೂ ನನ್ನ ಕತ್ತಿನ ಮೇಲೇ ಇದ್ದವು, ಪುಟ್ಟಿ. ಸ್ಕ್ರೇಪರ್ ತೆಗೆದುಕೊಂಡದ್ದು ನೀನು. ಆರು ವರ್ಷದವಳು, ಎರಡೂ ಕೈಯಲ್ಲಿ ಹಿಡಿದು ಓಡಿ ಬಂದೆ. ಅಪ್ಪ ಸದ್ದಿಗೆ ತಲೆ ತಿರುಗಿಸಿದರು. ಕಾರ್ಲಾ ಬಂದಾಗ ಮೊದಲು ನೋಡಿದ್ದು ನಿನ್ನ ಕೈ. ನಿನ್ನ ಕೈ ತೊಳೆದದ್ದೂ ಅವಳೇ. ಮಗು ಮಾಡಿದ್ದು ಅಂತ ಗೊತ್ತಾದರೆ ನಿನ್ನನ್ನು ನನ್ನಿಂದ ಕಿತ್ತುಕೊಂಡು ಬೇರೆ ಯಾರ ಮನೆಗೋ ಕೊಡುತ್ತಾರೆ ಅಂತ ನನಗೆ ಹೆದರಿಕೆ ಇತ್ತು. ಲೈಲ್ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ನಿನ್ನ ಕಡೆ ಒಮ್ಮೆ ನೋಡಿದ, ಅಷ್ಟೇ. ನಾನು ಒಪ್ಪಿದ್ದು ಅದಕ್ಕೆ. ನಿನಗೆ ಒಂದು ವಾರ ಜ್ವರ ಬಂತು, ಎದ್ದಾಗ ಏನೂ ನೆನಪಿರಲಿಲ್ಲ. ನೆನಪಿಲ್ಲದಿರಲಿ ಅಂತ ನಾನೂ ದೇವರಿಗೆ ಕೈ ಮುಗಿದೆ.

ನೀನು ಅವರ ಕಣ್ಣು ತೆಗೆದವಳು ಅಂತ ಅವರು ಹೇಳಬಹುದು. ನಾನು ಕಂಡದ್ದನ್ನು ಹೇಳುತ್ತೇನೆ. ಅವರು ನೆಲದ ಮೇಲೆ ಹೊರಳಾಡುತ್ತಿದ್ದಾಗ ನೀನು ಅಳಲಿಲ್ಲ. ಬಾಗಿಲ ಹತ್ತಿರ ಹೋಗಿ, ಕೂತು, ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಿಕೊಂಡು, 'ಹೋಗೋಣ ಬಾಮ್ಮ, ನಾನು ರೆಡಿ' ಅಂದೆ.